ಅರಿಶಿನಕ್ಕೆ ಸುಣ್ಣ

ಹಾಸನ, ಚನ್ನರಾಯಪಟ್ಟಣ, ಮತ್ತೆ ಹಾಸನ.
ಹನ್ನೊಂದು ವರ್ಷ ಸೀಟಿ ಊದಿದ್ದೇನೆ.
‘ಶಾಂತಿಗ್ರಾಮ, ಯಾರ್ರೀ ಶಾಂತಿಗ್ರಾಮ’ ಎಂದು ಕೂಗುವಾಗಲೇ
ಎದೆಗುಂಡಿಯ ಕೆಳಗೆ ಯಾರೋ
ಬೆಂಕಿಕಡ್ಡಿ ಗೀರುತ್ತಿದ್ದರು.

ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಇನ್ನೇನು, ಅಂದರು ಡಿಪೋದಲ್ಲಿ.
ಮೆಂತ್ಯ ನುಂಗಿದೆ. ಮಜ್ಜಿಗೆ ಕುಡಿದೆ.
ಹಸಿಮೆಣಸಿನಕಾಯಿ ಬಿಟ್ಟೆ,
ಅದು ನನ್ನನ್ನು ಬಿಡಲಿಲ್ಲ.

ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಎಡಮಗ್ಗುಲಾಗಿ ಮಲಗಿ
ಕಪ್ಪು ಕೊಳವೆ ನುಂಗಿದೆ.
ನುಚ್ಚಕ್ಕಿಯಷ್ಟು ನನ್ನನ್ನು ಕಿತ್ತು
ಹಳದಿ ಅಂಟಿನಲ್ಲಿ ಊರಿಟ್ಟಳು ನರ್ಸ್ ಫಿಲೋಮಿನಾ.
‘ಕೂತ್ಕೊಳಿ. ಬಣ್ಣ ತಿರುಗುತ್ತಾ ನೋಡೋಣ.’

ಗೋಡೆ ಗಡಿಯಾರದಲ್ಲಿ ಎರಡೂಕಾಲರ ನನ್ನ ಬಸ್ಸು
ನಾನಿಲ್ಲದೆ ಹೊರಟಿತು.
ಚೂರಿನ ಸುತ್ತ ಮೊದಲು, ಆಮೇಲೆ ಅಂಚಿನ ತನಕ,
ಅರಿಶಿನಕ್ಕೆ ಸುಣ್ಣ ಬಿದ್ದ ಹಾಗೆ
ಕೆಂಪಾಯಿತು.

ಡಾಕ್ಟರ್ ತಸ್ನೀಮ್ ಚೀಟಿಯ ಹಿಂದೆ ಬರೆದು ತೋರಿಸಿದರು:
ತಿರುಪಿನಂಥ ಒಂದು ಜೀವ, ಬಾಲಕ್ಕೆ ನಾಲ್ಕೈದು ಕೂದಲು.
ಕುದಿವ ಹುಳಿಯ ಕೊಪ್ಪರಿಗೆಯಲ್ಲಿ
ಮೈಸುತ್ತ ತನ್ನದೇ ಸುಣ್ಣದ ಮೋಡ ಕಟ್ಟಿಕೊಂಡು
ಲೋಳೆಯೊಳಕ್ಕೆ ತಿರುಚಿ ತಿರುಚಿ ಇಳಿದು
ಗೋಡೆಗೆ ಒರಗಿ ಕೂರುತ್ತದಂತೆ.

ಟಿಕೆಟ್ಟು? ಅಂದೆ, ಬಾಯಿ ತಪ್ಪಿ.
ಪುಕ್ಕಟೆ ಹೋಗುವ ಹೆಂಗಸರಿಗೂ
ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುವವಳು ನಾನು.
ಇದಕ್ಕೆ ಅದೂ ಇಲ್ಲ.

‘ಉರಿ ಹಚ್ಚಿದ್ದು ಅದೇನಾ ಹಾಗಾದರೆ?’
‘ಅದು ಸೂಜಿ ಚುಚ್ಚಿತು, ಪುಟ್ಟಗೌರಮ್ಮ.
ಉರಿ ಮುಕ್ಕಾಲು ನಿಮ್ಮದೇ.’

ಚುಚ್ಚಿಸಿಕೊಂಡ ಗೋಡೆ ಕೂಗಿಕೊಳ್ಳುತ್ತದೆ.
ಕೂಗು ರಕ್ತಕ್ಕೆ ಮುಟ್ಟಿ
ನಾಳದ ಸಂದಿ ಬಿಡಿಸಿಕೊಂಡು ನುಗ್ಗುತ್ತವೆ ಬಿಳಿಯ ಕಣಗಳು,
ನಡುದಾರಿಯಲ್ಲಿ ಚೆಕಿಂಗ್‌ನವರು ಹತ್ತಿದ ಹಾಗೆ.
ಕಳ್ಳ ಕೂತದ್ದು ಲೋಳೆಯ ಆಚೆ, ಇವು ಈಚೆ.
ಕೈಗೆ ಸಿಗದವನ ಮೇಲಿನ ಸಿಟ್ಟಿಗೆ
ಸೀಟು ಹರಿದು, ಗಾಜು ಒಡೆದು,
ಚೀಲದ ವಿಷವನ್ನೆಲ್ಲ ಚೆಲ್ಲಿ ಅಲ್ಲೇ ಸಾಯುತ್ತವೆ.
ಮುಂದಿನ ಸ್ಟಾಪಿನಲ್ಲಿ ಮತ್ತೊಂದು ತಂಡ.

ಹಿಂದಿನಿಂದ ಬರುವವು ಓದು ಕಲಿತವು.
ಮುಖಚಹರೆ ಗುರುತಿಟ್ಟು
ಇದೊಂದಕ್ಕೇ ಹೊಂದುವ ಕೋಳ ಎರಕ ಹೊಯ್ಯುತ್ತವೆ,
ಠಾಣೆಯೇ ಇರದ ಜಠರದಲ್ಲಿ ಠಾಣೆ ಕಟ್ಟುತ್ತವೆ.
ಅವುಗಳಲ್ಲೇ ಕೆಲವು, ಹಿರಿಯರ ಹಾಗೆ,
ಸಾಕು ಬಿಡ್ರಪ್ಪ, ಬಸ್ಸೇ ಉಳಿಯಲ್ಲ ಅನ್ನುತ್ತವೆ.
ಆ ಮಾತಿನಿಂದ ನಾನು ಉಳಿದೆ.
ಅದೂ ಉಳಿಯಿತು.

‘ಎಷ್ಟು ದಿನದಿಂದ ಇದೆ?’
ದಿನ ಅಲ್ಲ, ಅಂದರು. ಹಾಲುಹಲ್ಲಿನ ಕಾಲದಿಂದ ಇರಬಹುದು.
ಮನೆಯವರ ಬಾಯಿಂದ, ಕೈಯಿಂದ ಬರೋದೇ ಹೆಚ್ಚು.

ಬಾಯಿ.
ಕೈ.
ಒಂದೇ ತಟ್ಟೆ, ಐದು ಮಕ್ಕಳು.
ಮುದ್ದೆ ಮುರಿದು, ತುಟಿಗೆ ತಾಗಿಸಿ ಬಿಸಿ ನೋಡಿ,
ಕಡಲೆಬೀಜ ತಾನು ಅಗಿದು ನುಣ್ಣಗೆ ಮಾಡಿ ನಮಗೆ ಇಡುತ್ತಿದ್ದಳು ಅವ್ವ.
ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ರಾಗಿ ಬೀಸುತ್ತಿದ್ದಳು,
ಉಷ್ಣ ಕಣೇ, ಅನ್ನುತ್ತಿದ್ದಳು.
ಒಂದು ಬೆಳಗ್ಗೆ ಕಾಫಿ ಚರಟದಂತೆ ಕಪ್ಪಗೆ ಕಾರಿಕೊಂಡಳು.
ಅವಳ ಚೂರನ್ನು ಯಾರೂ ಹಳದಿಯಲ್ಲಿ ಇಡಲಿಲ್ಲ.

ನಾನು ಹತ್ತನೇ ಕ್ಲಾಸು ಪಾಸಾದ ದಿನ
ಹೊಸ್ತಿಲಲ್ಲಿ ನಿಲ್ಲಿಸಿ
ಅರಿಶಿನಕ್ಕೆ ಸುಣ್ಣ ಕಲಸಿ ನಿವಾಳಿಸಿದ್ದಳು, ಕೆಂಪು ನೀರು.
ಒಳಗೆ ಆಗಲೇ ನಿವಾಳಿಸಿಟ್ಟಿದ್ದಳು.
ಅವಳಿಗೂ ಗೊತ್ತಿಲ್ಲ, ನನಗೂ.

ಹದಿನಾಲ್ಕು ದಿನ ಮಾತ್ರೆ. ನಾಲಿಗೆಯ ಮೇಲೆ ತುಕ್ಕಿನ ರುಚಿ.
‘ಪೂರ್ತಿ ಹೋಗುತ್ತಾ?’
ಅದು ಹೋಗುತ್ತೆ, ಅಂದರು ಡಾಕ್ಟರ್.
ಕೋಳ ಮಾಡಿದವು ಬೇಗ ಮರೆಯೋದಿಲ್ಲ,
ರಕ್ತದಲ್ಲಿ ಇನ್ನೂ ಕೆಲವು ವರ್ಷ ಗುರುತು ಸಿಗುತ್ತೆ.
ಸಿಗಲಿ, ಅಂದೆ. ಯಾಕೆ ಅಂದೆನೋ.

ಇವತ್ತು ಶಾಂತಿಗ್ರಾಮ ಎಂದು ಕೂಗಿ
ಕಡ್ಡಿ ಗೀರುವುದಕ್ಕೆ ಕಾದೆ. ಗೀರಲಿಲ್ಲ.
ಮೂರನೇ ಸೀಟಿನಲ್ಲಿ ಒಬ್ಬಳು
ಚಕ್ಕುಲಿ ಕಚ್ಚಿ, ಅಗಿದು, ಮೆತ್ತಗೆ ಮಾಡಿ
ಮಗುವಿನ ಬಾಯಿಗೆ ಇಡುತ್ತಿದ್ದಳು.
ಮಗು ಅವಳ ಬೆರಳನ್ನೂ ಚೀಪಿತು.

ಬಾಯಿ ತೆರೆದೆ.
ಎಲ್ಲಿಗಮ್ಮಾ, ಅಂದೆ.
ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟೆ.